ಕಂತು ತಪ್ಪಿದರೆ ಮನೆಯೂ ಇಲ್ಲ, ಹಣವೂ ಇಲ್ಲ: ಚಿಕಾಗೋದ ಪಾಠ

ಬಡ್ಡಿಯ ಕುರಿತು ನಾವು ಮಿಂಬರಿನಿಂದ ಮಾತಾಡುವಾಗ ನೂರಕ್ಕೆ ಎಷ್ಟು ಎಂಬ ಲೆಕ್ಕದಲ್ಲೇ ಮಾತು ಮುಗಿದುಬಿಡುತ್ತದೆ. ಆದರೆ ಪವಿತ್ರ ಕುರ್‌ಆನ್‌ನ ಅಲ್‌ಬಖರ ಅಧ್ಯಾಯವು ಬಡ್ಡಿಯನ್ನು ನಿಷೇಧಿಸಿ ಅಲ್ಲಿಗೇ ನಿಲ್ಲುವುದಿಲ್ಲ. ಸಾಲ ಕೊಟ್ಟವನಿಗೆ ಅವನ ಅಸಲು ಸಿಗಬೇಕು, ಯಾರೂ ಯಾರಿಗೂ ಅನ್ಯಾಯ ಮಾಡಬಾರದು, ಸಾಲಗಾರ ಕಷ್ಟದಲ್ಲಿದ್ದರೆ ಅವನಿಗೆ ಸಮಯ ಕೊಡಬೇಕು ಎನ್ನುತ್ತದೆ. ಅಂದರೆ ನಿಷೇಧದ ಬೇರು ಇರುವುದು ಅನ್ಯಾಯದಲ್ಲಿ. ಬಡ್ಡಿ ಎಂಬ ಹೆಸರೇ ಇಲ್ಲದೆಯೂ ಆ ಅನ್ಯಾಯ ಹೇಗೆ ನಡೆಯುತ್ತದೆ ಎಂಬುದಕ್ಕೆ ಅಮೆರಿಕದ ಚಿಕಾಗೋ ನಗರದ ಇತಿಹಾಸದಲ್ಲಿ ದೊಡ್ಡ ಪಾಠವಿದೆ.

ಮಿಸಿಸಿಪ್ಪಿಯಂತಹ ದಕ್ಷಿಣದ ರಾಜ್ಯಗಳ ದೌರ್ಜನ್ಯದಿಂದ ಪಾರಾಗಲು ಲಕ್ಷಾಂತರ ಕರಿಯ ಜನರು ಉತ್ತರದ ನಗರಗಳಿಗೆ ವಲಸೆ ಬಂದರು. 1940ರಲ್ಲಿ ಚಿಕಾಗೋದಲ್ಲಿ ಸುಮಾರು 2.78 ಲಕ್ಷವಿದ್ದ ಅವರ ಸಂಖ್ಯೆ 1960ರ ಹೊತ್ತಿಗೆ 8 ಲಕ್ಷ ದಾಟಿತು. ದುಡಿಯಲು ಕೆಲಸ ಸಿಕ್ಕಿತು, ಮನೆ ಕೊಳ್ಳಲು ಸಾಲ ಸಿಗಲಿಲ್ಲ. 1934ರಲ್ಲಿ ಸ್ಥಾಪನೆಯಾದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಎಂಬ ಸರಕಾರಿ ಸಂಸ್ಥೆಯು ಬ್ಯಾಂಕುಗಳ ಗೃಹಸಾಲಕ್ಕೆ ವಿಮೆ ಕೊಡುತ್ತಿತ್ತು. ಬಿಳಿಯರಿಗೆ ಅದರಿಂದ ಕಡಿಮೆ ದರದ, ದೀರ್ಘಾವಧಿಯ ಸಾಲ ದೊರೆಯಿತು. ಕರಿಯರು ವಾಸಿಸುವ ಪ್ರದೇಶಗಳನ್ನು ಮಾತ್ರ ಅಪಾಯದ ಪ್ರದೇಶಗಳೆಂದು ಪರಿಗಣಿಸಿ ಹೊರಗಿಡಲಾಯಿತು. ಆ ಕಾಲದ ಸರಕಾರಿ ನಕ್ಷೆಗಳಲ್ಲಿ ಇಂತಹ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಯಲಾಗಿತ್ತು. ಬ್ಯಾಂಕಿನ ಬಾಗಿಲು ಮುಚ್ಚಿದ ಕಡೆ ದಲ್ಲಾಳಿಗಳು ಅಂಗಡಿ ತೆರೆದರು.

ಅವರ ದಾರಿ ಹೀಗಿತ್ತು. ಕರಿಯರು ಬರುತ್ತಿದ್ದಾರೆ, ಇನ್ನು ನಿಮ್ಮ ಮನೆಗೆ ಬೆಲೆ ಇರುವುದಿಲ್ಲ ಎಂದು ಬಿಳಿಯರನ್ನು ಹೆದರಿಸಿ ಅಗ್ಗದ ಬೆಲೆಗೆ ಮನೆ ಕೊಳ್ಳುವುದು. ಅದೇ ಮನೆಯನ್ನು ಕರಿಯ ಕುಟುಂಬಕ್ಕೆ ದುಬಾರಿ ಬೆಲೆಗೆ, ಕಂತಿನ ಕರಾರಿನಲ್ಲಿ ಮಾರುವುದು. ಕೊನೆಯ ಕಂತು ಸಂದಾಯವಾಗುವವರೆಗೂ ಮನೆಯ ಹಕ್ಕುಪತ್ರ ಮಾರಿದವನ ಹೆಸರಿನಲ್ಲೇ ಇರುತ್ತಿತ್ತು. ದುರಸ್ತಿ, ತೆರಿಗೆ, ವಿಮೆಯ ಹೊರೆ ಮಾತ್ರ ಕೊಂಡವನ ಮೇಲೆ. ಒಂದು ಕಂತು ತಪ್ಪಿದರೂ ಮುಂಗಡ ಹಣ, ಅದುವರೆಗೆ ಕಟ್ಟಿದ ಕಂತು, ಮನೆ ಎಲ್ಲವೂ ಹೋಯಿತು. ದಲ್ಲಾಳಿ ಅದೇ ಮನೆಯನ್ನು ಇನ್ನೊಂದು ಕುಟುಂಬಕ್ಕೆ ಅದೇ ಕರಾರಿನಲ್ಲಿ ಮಾರುತ್ತಿದ್ದ.

ಕ್ಲೈಡ್ ರಾಸ್ ಅವರ ಕತೆ ಈಗ ಅಮೆರಿಕದಲ್ಲಿ ಎಲ್ಲರಿಗೂ ತಿಳಿದಿದೆ. 1961ರಲ್ಲಿ ಅವರು ನಾರ್ತ್ ಲಾಂಡೇಲ್ ಬಡಾವಣೆಯಲ್ಲಿ 27,500 ಡಾಲರಿಗೆ ಮನೆ ಕೊಂಡರು. ಮಾರಿದವನು ಕೇವಲ ಆರು ತಿಂಗಳ ಹಿಂದೆ ಅದನ್ನು 12,000 ಡಾಲರಿಗೆ ಕೊಂಡಿದ್ದ. ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1950 ಮತ್ತು 60ರ ದಶಕಗಳಲ್ಲಿ ಚಿಕಾಗೋದ ಕರಿಯರು ಕೊಂಡ ಮನೆಗಳಲ್ಲಿ ಶೇ. 75ರಿಂದ 95ರಷ್ಟು ಇಂತಹ ಕರಾರಿನವು. ದಲ್ಲಾಳಿಗಳು ಬೆಲೆಯನ್ನು ಸರಾಸರಿ ಶೇ. 84ರಷ್ಟು ಏರಿಸಿ ಮಾರುತ್ತಿದ್ದರು. ಆ ಸಮುದಾಯ ಕಳೆದುಕೊಂಡ ಸಂಪತ್ತು ಇಂದಿನ ಲೆಕ್ಕದಲ್ಲಿ 300ರಿಂದ 400 ಕೋಟಿ ಡಾಲರ್.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇದು ಮೇಲ್ನೋಟಕ್ಕೆ ಮಾರಾಟ ತಾನೇ? ಲಾಭವಿಟ್ಟು ಕಂತಿನಲ್ಲಿ ಮಾರುವುದನ್ನು ನಮ್ಮ ಫುಕಹಾಗಳೇ ಅನುಮತಿಸಿದ್ದಾರಲ್ಲ? ಹೌದು, ಅನುಮತಿಸಿದ್ದಾರೆ. ಆದರೆ ಶರೀಅತ್‌ನಲ್ಲಿ ಮಾರಾಟ ಪೂರ್ತಿಯಾದರೆ ವಸ್ತು ಕೊಂಡವನದಾಗುತ್ತದೆ, ಬಾಕಿ ಹಣ ಅವನ ಮೇಲೆ ಸಾಲವಾಗಿ ಉಳಿಯುತ್ತದೆ. ಕಂತು ತಡವಾದರೆ ಸಾಲ ಕೇಳಬಹುದು, ವಸ್ತುವನ್ನೂ ಕಟ್ಟಿದ ಹಣವನ್ನೂ ಒಟ್ಟಿಗೆ ನುಂಗುವಂತಿಲ್ಲ. ಚಿಕಾಗೋದ ದಲ್ಲಾಳಿಗಳು ಎರಡನ್ನೂ ನುಂಗಿದರು. ನಿಜವಾದ ಬೆಲೆಯನ್ನು ಬಚ್ಚಿಟ್ಟು, ಬೇರೆ ದಾರಿಯೇ ಇಲ್ಲದವನ ಅಸಹಾಯಕತೆಯನ್ನು ಲಾಭವಾಗಿಸಿಕೊಂಡರು. ವ್ಯಾಪಾರಕ್ಕೆ ಕುರ್‌ಆನ್ ವಿಧಿಸಿದ ಪರಸ್ಪರ ಸಮ್ಮತಿ ಅಲ್ಲಿ ಎಲ್ಲಿತ್ತು? ಅಜ್ಞಾನ ಕಾಲದ ಅರಬರು ವಾಯಿದೆ ಮುಗಿದ ದಿನ ಹಣ ಕೊಡಲಾಗದವನ ಸಾಲವನ್ನು ಏರಿಸುತ್ತಾ ಹೋಗುತ್ತಿದ್ದರು. ಮಾರಾಟದ ಹೆಸರು ಹೊತ್ತ ಈ ಕರಾರೂ ಅದೇ ಜಾತಿಯದು.

ಜನರು ಸುಮ್ಮನೆ ಕೂರಲಿಲ್ಲ. ಮಾರ್ಕ್ ಸ್ಯಾಟರ್ ಎಂಬ ಯಹೂದಿ ವಕೀಲರು 1965ರಲ್ಲಿ ತೀರಿಹೋಗುವ ತನಕ ಈ ದಲ್ಲಾಳಿಗಳ ವಿರುದ್ಧ ಕೋರ್ಟಿನಲ್ಲೂ ಹೊರಗೂ ಹೋರಾಡಿದರು. 1968ರಲ್ಲಿ ಲಾಂಡೇಲ್‌ನ ಕ್ಯಾಥೊಲಿಕ್ ಚರ್ಚೊಂದರ ಆಶ್ರಯದಲ್ಲಿ ಕರಾರುದಾರರು ಸೇರಿ ‘ಕಾಂಟ್ರ್ಯಾಕ್ಟ್ ಬೈಯರ್ಸ್ ಲೀಗ್’ ಕಟ್ಟಿದರು. ಕಂತು ಕಟ್ಟುವುದನ್ನು ಒಟ್ಟಾಗಿ ನಿಲ್ಲಿಸಿದರು. ಪೊಲೀಸರು ಸಾಮಾನುಗಳನ್ನು ಬೀದಿಗೆ ಎಸೆದಾಗ ನೆರೆಹೊರೆಯವರು ಬಂದು ಅವನ್ನು ಮತ್ತೆ ಮನೆಯೊಳಗೆ ಹೊತ್ತು ಹಾಕಿದರು. ನೂರಾರು ಕುಟುಂಬಗಳ ಕರಾರು ಹೊಸದಾಗಿ ಬರೆಯಲ್ಪಟ್ಟಿತು. ಕೋರ್ಟಿನಲ್ಲಿ ಮಾತ್ರ 1976ರಲ್ಲಿ ಅವರು ಸೋತರು.

1968ರಲ್ಲಿ ವಸತಿಯಲ್ಲಿ ಭೇದಭಾವವನ್ನು ನಿಷೇಧಿಸುವ ಕಾನೂನು ಬಂತು. ಠೇವಣಿ ಸಂಗ್ರಹಿಸುವ ಬಡಾವಣೆಗಳಿಗೆ ಸಾಲವನ್ನೂ ಕೊಡಬೇಕೆಂದು ಬ್ಯಾಂಕುಗಳಿಗೆ ಹೇಳುವ ಕಾನೂನು 1977ರಲ್ಲಿ ಬಂತು. ಆದರೆ ಮುಂದೆ ಅನ್ಯಾಯ ವೇಷ ಬದಲಿಸಿತು. ಸಾಲವನ್ನೇ ಕೊಡದೆ ಇದ್ದ ಕಡೆಗಳಿಗೆ ದುಬಾರಿ ಸಾಲವನ್ನು ಹೊತ್ತು ತರಲಾಯಿತು. 2008ರ ಜನವರಿಯಲ್ಲಿ ಬಾಲ್ಟಿಮೋರ್ ನಗರಾಡಳಿತವು ವೆಲ್ಸ್ ಫಾರ್ಗೋ ಬ್ಯಾಂಕಿನ ಮೇಲೆ ಮೊಕದ್ದಮೆ ಹೂಡಿತು. ಕರಿಯರ ಬಡಾವಣೆಗಳಲ್ಲಿ ದುಬಾರಿ ಸಾಲ ಹಂಚಿದ್ದರಿಂದ ಮನೆಗಳು ಜಪ್ತಿಯಾಗಿ ಬೀದಿಗಳು ಹಾಳುಬಿದ್ದವು ಎಂಬುದು ದೂರು. 2012ರಲ್ಲಿ ಬ್ಯಾಂಕು ತಪ್ಪೊಪ್ಪಿಕೊಳ್ಳದೆಯೇ, ದೇಶದಾದ್ಯಂತದ ಇಂತಹ ಆರೋಪಗಳಿಗೆ ಸಂಬಂಧಿಸಿ 17.5 ಕೋಟಿ ಡಾಲರಿನ ರಾಜಿಗೆ ಒಪ್ಪಿತು. ಕರಿಯರ ಚರ್ಚುಗಳ ಮೂಲಕ ಗಿರಾಕಿಗಳನ್ನು ಹಿಡಿಯುವ ಪ್ರಯತ್ನ ನಡೆದಿತ್ತೆಂದು ಬ್ಯಾಂಕಿನ ಮಾಜಿ ಉದ್ಯೋಗಿಯೊಬ್ಬರು ಪ್ರಮಾಣಪತ್ರದಲ್ಲಿ ಹೇಳಿದ್ದರು.

ಈ ಕೊನೆಯ ಮಾತು ನಮ್ಮಂತಹ ಇಮಾಮರ, ಜಮಾಅತ್ ಕಮಿಟಿಗಳ ನಿದ್ದೆ ಕೆಡಿಸಬೇಕು. ದೇವರ ಮನೆಯ ಮೇಲೆ ಜನರಿಟ್ಟ ನಂಬಿಕೆ ಲೇವಾದೇವಿಗಾರನಿಗೆ ಬಂಡವಾಳವಾಗುತ್ತದೆ. 2019ರಲ್ಲಿ ಬೆಂಗಳೂರಿನಲ್ಲಿ ಹಲಾಲ್ ಲಾಭದ ಹೆಸರಿನ ಹೂಡಿಕೆ ವ್ಯವಹಾರ ಮುಳುಗಿ ಸಾವಿರಾರು ಮನೆಗಳ ಉಳಿತಾಯ ಕರಗಿಹೋದದ್ದನ್ನು ನಾವು ಮರೆತಿಲ್ಲ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು.

ಪ್ರವಾದಿ ಮುಹಮ್ಮದ್(ಸ)ರು ವಿದಾಯ ಹಜ್ಜ್‌ನ ಭಾಷಣದಲ್ಲಿ ಅಜ್ಞಾನ ಕಾಲದ ಬಡ್ಡಿಯನ್ನೆಲ್ಲ ರದ್ದುಪಡಿಸಿದಾಗ ಮೊದಲು ರದ್ದುಪಡಿಸಿದ್ದು ತಮ್ಮ ಸ್ವಂತ ಚಿಕ್ಕಪ್ಪ ಅಬ್ಬಾಸ್(ರ)ರಿಗೆ ಬರಬೇಕಿದ್ದ ಬಡ್ಡಿಯನ್ನು. ಸುಧಾರಣೆ ತಮ್ಮ ಮನೆಯಿಂದ ಆರಂಭವಾಯಿತು. ನಮ್ಮಲ್ಲೂ ಹಾಗೆಯೇ ಆಗಲಿ. ನಮ್ಮಲ್ಲಿ ಬಡ್ಡಿಗೆ ಕೊಡುವವರಿದ್ದರೆ ಮೊದಲು ಅವರಿಗೆ ಬುದ್ಧಿ ಹೇಳೋಣ. ಯಾವ ಯೋಜನೆಯ ಪ್ರಚಾರಕ್ಕೂ ಮಸೀದಿಯ ಜಗಲಿಯನ್ನು ಬಿಟ್ಟುಕೊಡದಿರೋಣ. ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ಓದಿ ಹೇಳಬಲ್ಲ ವಿದ್ಯಾವಂತರೊಬ್ಬರನ್ನು ಪ್ರತಿ ಜಮಾಅತ್ ಗೊತ್ತುಮಾಡಲಿ. ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಮುಳುಗಿದವರೂ ಇದ್ದಾರೆ. ರಮಝಾನಿನ ಕಿಟ್ ಹಂಚಿಕೆಯ ಭರದಲ್ಲಿ ಅವರ ಪಾಲು ಮರೆತುಹೋಗದಿರಲಿ. ಚಿಕಾಗೋದಲ್ಲೇ ‘ಇಮಾನ್’ ಎಂಬ ಮುಸ್ಲಿಮ್ ಸಂಘಟನೆಯು ಜಪ್ತಿಯಾಗಿ ಪಾಳುಬಿದ್ದ ಮನೆಗಳನ್ನು ದುರಸ್ತಿ ಮಾಡಿ, ಜೈಲಿನಿಂದ ಮರಳಿದವರಿಗೆ ಅದೇ ಕೆಲಸದಲ್ಲಿ ತರಬೇತಿ ಕೊಟ್ಟಿದೆ. ನಮ್ಮ ಮೊಹಲ್ಲಾದಲ್ಲಿ ಕರ್ಝೆ ಹಸನ್‌ನ ಒಂದು ಸಣ್ಣ ನಿಧಿ ಕಟ್ಟುವುದು ಅದಕ್ಕಿಂತ ಕಷ್ಟವೇನಲ್ಲ.

ಅಲ್ಲಾಹನು ಸಾಲದ ಹೊರೆಯಿಂದಲೂ, ಇನ್ನೊಬ್ಬರ ಕಷ್ಟವನ್ನು ನುಂಗುವ ದುರಾಸೆಯಿಂದಲೂ ನಮ್ಮನ್ನು ಕಾಪಾಡಲಿ. ಆಮೀನ್.