ಭಾವನ ಪೆಟ್ಟಿಗೆ ಮತ್ತೆ ನಕ್ಕಿತು

ಕ್ಯಾಲಿಫೋರ್ನಿಯಾದ ಅಕ್ಕನ ಮನೆಯ ಮೂಲೆಯಲ್ಲಿ ಭಾವನ ಮೆಕಿಂತಾಶ್ ಎಸ್ಇ/30 ಕೂತಿತ್ತು. 1989ರ ಮಾದರಿ, 9 ಅಂಗುಲದ ಕಪ್ಪು-ಬಿಳುಪು ಪರದೆ. ಭಾವ ಹೋದಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ಈ ಸಲ ಅಕ್ಕನ ಮಗಳು ಬಿಚ್ಚಿದಳು. ಮೊದಲು ಗಡಿಯಾರದ ಬ್ಯಾಟರಿ ತೆಗೆದಳು. ಅದು ಸೋರಿದರೆ ಬೋರ್ಡನ್ನೇ ತಿಂದುಬಿಡುತ್ತದಂತೆ. ಒಸರಿದ ಕೆಪಾಸಿಟರುಗಳನ್ನು ಬದಲಿಸಿದಳು. ತಿರುಗದ ಡಿಸ್ಕಿನ ಜಾಗಕ್ಕೆ ಉಗುರಿನಷ್ಟು ಮೆಮರಿ ಕಾರ್ಡು, ಇಂಟರ್ನೆಟ್ಟಿಗೆ ಇನ್ನೊಂದು ಕಾರ್ಡು. ಹಿಂದಿನ ಸ್ವಿಚ್ಚು ಹಾಕಿದರೆ, ಪುಟ್ಟ ನಗುಮುಖ!

ಅದನ್ನು 1984ರ ಮೊದಲ ಮೆಕಿಂತಾಶಿಗೆ ಬರೆದವಳು ಸೂಸನ್ ಕೇರ್. ಗ್ರಾಫ್ ಕಾಗದದಲ್ಲಿ ಮನೆ ಎಣಿಸಿ ಚಿತ್ರ ಮಾಡಿದವಳು. ಎಳೆ ಎಣಿಸಿ ಕಸೂತಿ ಹಾಕುವ ನಮ್ಮ ಧಾರವಾಡದವರಿಗೆ ಇದೇನು ಹೊಸದೇ!

ಹಳೆಯ ಡಿಸ್ಕಿನಲ್ಲಿದ್ದ ಭಾವನ ಪತ್ರಗಳು ಮಾತ್ರ ಸಿಗಲಿಲ್ಲ. ಅಕ್ಕ ಕುರ್ಚಿ ಎಳೆದುಕೊಂಡು, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟುತ್ತ ಕೂತಳು. ಒಲೆಯ ಮೇಲಿನ ಹಾಲು ಉಕ್ಕಿತು.