ಮುಳ್ಳರ

ಸರ್ಕಾರಿ ಕಚೇರಿಯಲ್ಲಿ ದುಡಿಯುವ ನಮ್ಮಂಥವರಿಗೆ ಫೈಲು ಎಂದೊಡನೆ ನೆನಪಾಗುವುದು ದಾರ ಕಟ್ಟಿದ ಕಡತ. ಕಮ್ಮಾರನಿಗೆ ಅದೇ ಸದ್ದು ಬೇರೊಂದು ವಸ್ತುವನ್ನು ಸೂಚಿಸುತ್ತದೆ. ಇಂಗ್ಲಿಷಿನಲ್ಲಿ ಇವು ಒಂದೇ ಪದದ ಎರಡು ಅರ್ಥಗಳಲ್ಲ, ಎರಡು ಬೇರೆ ಪದಗಳು. ಕಡತದ ಫೈಲು ನೂಲು ಎಂಬ ಅರ್ಥದ ಲ್ಯಾಟಿನ್ ಪದದಿಂದ ಫ್ರೆಂಚಿನ ದಾರಿಯಾಗಿ ಬಂದದ್ದು. ಕಾಗದಗಳನ್ನು ದಾರಕ್ಕೆ ಪೋಣಿಸಿಡುತ್ತಿದ್ದ ಕಾಲದ ಗುರುತು ಅದರಲ್ಲಿ ಉಳಿದಿದೆ. ಉಪಕರಣದ ಫೈಲಾದರೋ ಹಳೆಯ ಇಂಗ್ಲಿಷಿನ ಸ್ವಂತ ಆಸ್ತಿ. ಕನ್ನಡದಲ್ಲಿ ಈ ಗೊಂದಲವೇ ಇಲ್ಲ. ಕಡತ ಕಡತ, ಅರ ಅರ. ಚೆನ್ನೈಯಲ್ಲಿರುವ ಓದುಗರು ಇದನ್ನೇ ಅರಂ ಎಂದು ಕೇಳಿರುತ್ತಾರೆ. ತಿರುಕ್ಕುರಳಿನಲ್ಲಿ ಅರದ ಉಪಮೆ ಒಂದಕ್ಕಿಂತ ಹೆಚ್ಚು ಕಡೆ ಬರುವುದನ್ನು ನೋಡಿದರೆ, ಪದವೂ ಉಪಕರಣವೂ ದಕ್ಷಿಣದಲ್ಲಿ ಎಷ್ಟು ಹಳೆಯವೆಂಬುದು ತಿಳಿಯುತ್ತದೆ. ಮುಂಬಯಿ, ಪುಣೆಗಳ ಅಂಗಡಿಯಲ್ಲಿ ಕಾನಸ್ ಎನ್ನಬೇಕು, ಹೈದರಾಬಾದಿನಲ್ಲಿ ತೆಲುಗರ ಆಕುರಾಯಿ, ದೆಹಲಿಯಲ್ಲಿ ರೇತಿ.

ಆದರೆ ನಾವು ಇಲ್ಲಿ ಹೇಳಹೊರಟಿರುವುದು ಅರದ ಒಡಹುಟ್ಟಾದ ಇನ್ನೊಂದು ಉಪಕರಣದ ಕಥೆಯನ್ನು. ಇಂಗ್ಲಿಷಿನವರು ಅದನ್ನು ರಾಸ್ಪ್ ಎನ್ನುತ್ತಾರೆ, ನಮ್ಮ ಬಡಗಿಗಳ ಬಾಯಲ್ಲೂ ಅದು ಬಹುಮಟ್ಟಿಗೆ ರಾಸ್ಪ್ ಎಂದೇ ಉಳಿದಿದೆ. ಈ ಬರಹದ ಮಟ್ಟಿಗೆ ನಾವು ಮುಳ್ಳರ ಎನ್ನೋಣ. ಅರದ ಮೈಮೇಲೆ ಉಳಿಯಿಂದ ಕೊರೆದ ಸಾಲುಗಳಿರುತ್ತವೆ, ಉತ್ತ ಹೊಲದಂತೆ. ಮುಳ್ಳರದ ಮೈಮೇಲೆ ಸಾಲುಗಳಿಲ್ಲ. ಚೂಪುಮೊನೆಯ ಚಾಣದಿಂದ ಒಂದೊಂದೇ ಪೆಟ್ಟು ಹಾಕಿ ಒಂದೊಂದೇ ಹಲ್ಲನ್ನು ಉಕ್ಕಿನ ಮೈಯಿಂದ ಮೇಲಕ್ಕೆಬ್ಬಿಸಿರುತ್ತಾರೆ. ಅರ ಉಳುಮೆಯಾದರೆ ಮುಳ್ಳರ ನಾಟಿ. ಅರ ಲೋಹಕ್ಕೆ ಬೇಕಾದದ್ದು, ಮುಳ್ಳರ ಮರಕ್ಕೆ, ಕೊಂಬಿಗೆ, ಕುದುರೆಯ ಗೊರಸಿಗೆ.

ಮರದ ಕೆಲಸದಲ್ಲೂ ಅದಕ್ಕೆ ವಿಶೇಷವಾದ ಒಂದು ಸ್ಥಾನವಿದೆ: ಕೊಡಲಿ, ಬಾಚಿ, ಸುತ್ತಿಗೆಗಳಿಗೆ ಕಾವು ಮಾಡುವುದು. ಕಾವು ನೇರವಾದ ಕೋಲಲ್ಲ. ಅದರ ಅಡ್ಡಸೀಳು ಮೊಟ್ಟೆಯಾಕಾರದ್ದು, ನಡುವಿನಲ್ಲಿ ತೆಳು, ತುದಿಯಲ್ಲಿ ಕೈಜಾರದಂತೆ ತುಸು ಉಬ್ಬು, ಉದ್ದಕ್ಕೂ ಸಣ್ಣದೊಂದು ಬಾಗು. ಬಾಗು ಬಂದಲ್ಲೆಲ್ಲ ಮರದ ಎಳೆ ದಿಕ್ಕು ತಪ್ಪುತ್ತದೆ. ಉಳಿಯಾಗಲಿ ಕೀಸುಳಿಯಾಗಲಿ ಅಂಥ ಕಡೆ ಎಳೆಯ ಅಡಿಗೆ ನುಗ್ಗಿ ಸಿಬಿರೆಬ್ಬಿಸುತ್ತದೆ, ಒಂದು ಗಳಿಗೆಯ ಅಜಾಗರೂಕತೆಗೆ ಇಡೀ ದಿನದ ಕೆಲಸ ಹಾಳು. ಮುಳ್ಳರಕ್ಕೆ ಎಳೆಯ ದಿಕ್ಕಿನ ಗೊಡವೆಯಿಲ್ಲ. ಒಂದೊಂದು ಹಲ್ಲೂ ಚಿಟಿಕೆಯಷ್ಟನ್ನೇ ಕಚ್ಚಿ ಮುಂದಕ್ಕೆ ಹೋಗುವುದರಿಂದ ಸೀಳುವ ಭಯ ಕಡಿಮೆ. ಇಂಗ್ಲೆಂಡಿನಲ್ಲಿ ಆ್ಯಶ್, ಅಮೆರಿಕದಲ್ಲಿ ಹಿಕರಿ, ನಮ್ಮ ಕಾಡುಗಳಲ್ಲಿ ದಿಂಡಿಗ, ತಡಸಲು, ಬಯಲಿನಲ್ಲಿ ಜಾಲಿ, ಇವೆಲ್ಲ ಪೆಟ್ಟು ತಾಳುವ, ಬಾಗಿದರೂ ಮುರಿಯದ, ಎಳೆ ಉದ್ದವಾದ ಮರಗಳು. ಕೊಡಲಿ ಕಾವು ಕುಲಕ್ಕೆ ಸಾವು ಎಂಬ ಗಾದೆಯನ್ನು ಕಟ್ಟಿದವರು ಮರದ ದ್ರೋಹವನ್ನು ನೆನೆದರು; ಆ ಕಾವನ್ನು ಕೈಗೆ ಒಗ್ಗುವಂತೆ ತಿದ್ದಿದ ಉಪಕರಣವನ್ನು ಗಾದೆ ನೆನೆಯಲಿಲ್ಲ.

ಉಕ್ಕನ್ನು ಕೊರೆದು ಹಲ್ಲೆಬ್ಬಿಸುವುದು ಕಷ್ಟದ ಕೆಲಸ. ಅದಕ್ಕಿಂತ ಕಷ್ಟ, ಎಬ್ಬಿಸಿದ ಹಲ್ಲಿಗೆ ಗಡಸುತನ ಕೊಡುವುದು. ಹಲ್ಲು ಕಡಿಯುವಾಗ ಉಕ್ಕು ಮೆತ್ತಗಿರಬೇಕು, ಆಮೇಲೆ ಕೆಂಪಗೆ ಕಾಯಿಸಿ ನೀರಿಗದ್ದಿ ಗಡುಸಾಗಿಸಬೇಕು. ಆದರೆ ಕಾಯಿಸುವಾಗ ಬೆಂಕಿಯ ಗಾಳಿ ಮೊದಲು ತಿನ್ನುವುದು ತೀರ ತೆಳುವಾದ ಭಾಗವನ್ನೇ, ಎಂದರೆ ಹಲ್ಲಿನ ಮೊನೆಯನ್ನೇ. ಮೊನೆಯಲ್ಲಿದ್ದ ಇಂಗಾಲ ಸುಟ್ಟುಹೋದರೆ ಎಷ್ಟು ಅದ್ದಿದರೂ ಅದು ಗಡುಸಾಗದು. 12ನೆಯ ಶತಮಾನದ ಆರಂಭದಲ್ಲಿ ಥಿಯೋಫಿಲಸ್ ಎಂಬ ಹೆಸರಿನಲ್ಲಿ ಕರಕುಶಲ ಕಲೆಗಳ ಬಗ್ಗೆ ಲ್ಯಾಟಿನ್ನಿನಲ್ಲಿ ಗ್ರಂಥ ಬರೆದ ಸನ್ಯಾಸಿಗೆ ಈ ತೊಡಕು ಚೆನ್ನಾಗಿ ಗೊತ್ತಿತ್ತು. ಎತ್ತಿನ ಕೊಂಬನ್ನು ಸುಟ್ಟು, ಉಪ್ಪು ಬೆರೆಸಿ ಅರೆದು, ಕಾದ ಅರದ ಮೇಲೆ ಉದುರಿಸಬೇಕೆಂದು ಅವನು ಹೇಳುತ್ತಾನೆ. ಸಣ್ಣ ಅರಗಳಿಗೆ ಹಂದಿಯ ಕೊಬ್ಬು ಸವರಿ, ಚರ್ಮದ ಪಟ್ಟಿ ಸುತ್ತಿ, ಮೇಲೆ ಜೇಡಿಮಣ್ಣು ಮೆತ್ತಿ ಕಾಯಿಸುವ ಇನ್ನೊಂದು ಕ್ರಮವನ್ನೂ ಕೊಡುತ್ತಾನೆ. ಅವನಿಗೆ ಇಂಗಾಲವೆಂಬ ಮೂಲವಸ್ತುವಿನ ಕಲ್ಪನೆ ಇರಲಿಲ್ಲ. ಕೊಂಬು ಮತ್ತು ಚರ್ಮ ಕೊಡುವುದು ಅದನ್ನೇ.

18ನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ವಾರಿಂಗ್‌ಟನ್ ಪಟ್ಟಣದಲ್ಲಿ ಪೀಟರ್ ಸ್ಟಬ್ಸ್ ಎಂಬವನ ಅರಗಳಿಗೆ ದೊಡ್ಡ ಹೆಸರಿತ್ತು. ಅವನು ಅರದ ವ್ಯಾಪಾರಿಯಷ್ಟೇ ಅಲ್ಲ, ಹೆಂಡದಂಗಡಿಯ ಯಜಮಾನನೂ ಹೌದು. ಬಿಯರಿನ ಪೀಪಾಯಿಯ ತಳದಲ್ಲಿ ಉಳಿದ ಗಷ್ಟನ್ನು ಅವನು ಚೆಲ್ಲಲಿಲ್ಲ, ಅರಗಳಿಗೆ ಬಳಿದು ಕುಲುಮೆಗಿಟ್ಟ. ಒಂದು ವ್ಯಾಪಾರದ ಕೊಳೆ ಇನ್ನೊಂದರ ಕವಚವಾಯಿತು. ನಮಗೆ ಈ ಮನುಷ್ಯನ ಮೇಲೆ ತುಸು ಪಕ್ಷಪಾತವಿದೆಯೆಂದು ಹೇಳಿಬಿಡುವುದೇ ಲೇಸು. ಇಂಗಾಲ ಹೆಚ್ಚಾಗಿರುವ ಉಕ್ಕಿನ ಮಾತು ಬಂದಾಗ, ಸ್ಟಬ್ಸನ ಕಾಲದಲ್ಲೇ, 1795ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್ಸನ್ ಭಾರತದ ವೂಟ್ಸ್ ಉಕ್ಕಿನ ಪರೀಕ್ಷೆಯನ್ನು ಮಂಡಿಸಿದ್ದನೆಂಬುದನ್ನೂ ನೆನೆಯಬಹುದು. ಆ ವಿಚಿತ್ರ ಪದದ ಹಿಂದಿರುವುದು ನಮ್ಮ ಉಕ್ಕು ಎಂಬ ಮಾತೇ ಎಂದು ಅನೇಕ ವಿದ್ವಾಂಸರು ಒಪ್ಪುತ್ತಾರೆ.

ಅರದ ನಿಜವಾದ ರಾಜಧಾನಿ ಶೆಫೀಲ್ಡ್. ಅಲ್ಲಿಯೂ ಊರಿನ ಉತ್ತರಕ್ಕಿರುವ ಎಕಲ್ಸ್‌ಫೀಲ್ಡಿನಂಥ ಹಳ್ಳಿಗಳಲ್ಲಿಯೂ 19ನೆಯ ಶತಮಾನದುದ್ದಕ್ಕೂ ಸಾವಿರಾರು ಮಂದಿ ಕೈಯಿಂದಲೇ ಹಲ್ಲು ಕಡಿಯುತ್ತಿದ್ದರು. ಗಂಡಸರು ಮಾತ್ರವಲ್ಲ, ಹೆಂಗಸರು, ಮಕ್ಕಳು ಕೂಡ. ಕಡಿಯುವವನು ತಗ್ಗಾದ ಪೀಠದಲ್ಲಿ ಕುಳಿತು, ಎರಡೂ ಪಾದಗಳಿಂದ ತುಳಿದುಹಿಡಿದ ಚರ್ಮದ ಪಟ್ಟಿಯಿಂದ ಉಕ್ಕಿನ ತುಂಡನ್ನು ಅಡಿಗಲ್ಲಿನ ಮೇಲೆ ಬಿಗಿಮಾಡುತ್ತಿದ್ದ. ಎಡಗೈಯ ಬೆರಳುಗಳಲ್ಲಿ ಗಿಡ್ಡ ಉಳಿ, ಬಲಗೈಯಲ್ಲಿ ಸುತ್ತಿಗೆ. ಅಳತೆಗೋಲಿಲ್ಲ, ಗುರುತಿನ ಗೆರೆಯಿಲ್ಲ. ಆಗಷ್ಟೇ ಕಡಿದ ಹಲ್ಲಿನ ಬೆನ್ನಿಗೆ ಉಳಿಯನ್ನು ತಾಗಿಸಿ, ಬೆರಳಿಗೆ ಸಿಕ್ಕ ತಡೆಯಿಂದಲೇ ಮುಂದಿನ ಹಲ್ಲಿನ ಜಾಗ ನಿಶ್ಚಯಿಸಬೇಕು. ಮುಳ್ಳರಕ್ಕಾದರೆ ಉಳಿಯ ಬದಲು ಮೊನೆಚಾಣ, ಅಲ್ಲಿ ಬೆನ್ನಿಗೆ ತಾಗಿಸುವ ಅನುಕೂಲವೂ ಇಲ್ಲ, ಕಣ್ಣೇ ಗತಿ.

ಒಂದು ಮುಖ ಮುಗಿದ ಮೇಲೆ ತುಂಡನ್ನು ತಿರುವಿಹಾಕಬೇಕು. ಆಗ ಕಡಿದ ಹಲ್ಲುಗಳು ಅಡಿಗೆ ಬರುತ್ತವೆ. ಗಟ್ಟಿ ಕಬ್ಬಿಣದ ಮೇಲೆ ಇಟ್ಟು ಬಡಿದರೆ ಮೊನೆಗಳೆಲ್ಲ ಚಪ್ಪಟೆ. ಆದ್ದರಿಂದ ಅಡಿಯಲ್ಲಿ ಸೀಸದ ಹಾಸು. ಸೀಸ ಮೆತ್ತಗಿದೆ, ಹಲ್ಲುಗಳು ಅದರಲ್ಲಿ ಹುದುಗುತ್ತವೆ, ಕೆಡುವುದಿಲ್ಲ. ಆದರೆ ಪೆಟ್ಟಿಗೊಮ್ಮೆ ಆ ಸೀಸದಿಂದ ಪುಡಿ ಏಳುತ್ತದೆ. ಗಾಳಿಯಾಡದ ಕೊಠಡಿಯಲ್ಲಿ ಆ ಪುಡಿ ಉಸಿರಿಗೆ ಹೋಗುತ್ತಿತ್ತು. ಉಳಿ ಜಾರದಿರಲೆಂದು ನಾಲಗೆಗೆ ಮುಟ್ಟಿಸಿಕೊಳ್ಳುವ ಬೆರಳಿನಿಂದ ಬಾಯಿಗೆ, ಅದೇ ಕೋಣೆಯಲ್ಲಿ ತಿನ್ನುವ ರೊಟ್ಟಿಯಿಂದ ಹೊಟ್ಟೆಗೆ. ಹೊಟ್ಟೆಯ ಕಡುನೋವು, ವಸಡಿನ ಅಂಚಿಗೆ ನೀಲಿ ಗೆರೆ, ಕೊನೆಗೆ ಮಣಿಕಟ್ಟಿನ ಸ್ನಾಯುಗಳು ಸೋತು ಕೈ ಜೋತುಬೀಳುವುದು. ಬೆರಳಿನ ಸೂಕ್ಷ್ಮವೇ ಬಂಡವಾಳವಾಗಿದ್ದ ಕಸುಬು ಮೊದಲು ಕಿತ್ತುಕೊಳ್ಳುತ್ತಿದ್ದದ್ದು ಆ ಕೈಯನ್ನೇ. ವೈದ್ಯರು ಈ ರೋಗವನ್ನು ಶತಮಾನದ ನಡುವಿನಲ್ಲೇ ವಿವರಿಸಿದ್ದರೂ, ಕೈಯಿಂದ ಅರ ಕಡಿಯುವ ಕೆಲಸಕ್ಕೆಂದೇ ಬ್ರಿಟಿಷ್ ಸರ್ಕಾರ ವಿಶೇಷ ನಿಯಮಗಳನ್ನು ಹೊರಡಿಸಿದ್ದು 1903ರಲ್ಲಿ. ಕಡತಗಳ ನಡಿಗೆ ಅಂದೂ ಹೀಗೆಯೇ ಇತ್ತು.

ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಇಲ್ಲಿ ಒಂದು ಇರುಸುಮುರುಸು ತಪ್ಪದು. 1853ರ ಹೊತ್ತಿಗೇ ಜಾನ್ ರಸ್ಕಿನ್ ವೆನಿಸ್ಸಿನ ಶಿಲ್ಪವನ್ನು ಕುರಿತು ಬರೆಯುತ್ತ, ಕೈಕೆಲಸದ ಓರೆಕೋರೆಯೇ ಕೆಲಸಗಾರನ ಸ್ವಾತಂತ್ರ್ಯದ ಕುರುಹು, ಯಂತ್ರದ ನುಣುಪು ಅವನ ದಾಸ್ಯದ ಕುರುಹು ಎಂದು ವಾದಿಸಿದ್ದ. ಅದೇ ರಸ್ಕಿನ್ 1875ರಲ್ಲಿ ಶೆಫೀಲ್ಡಿನ ವಾಕ್ಲಿ ಗುಡ್ಡದ ಮೇಲೆ ಅಲ್ಲಿನ ಕಾರ್ಮಿಕರಿಗಾಗಿ ಒಂದು ವಸ್ತುಸಂಗ್ರಹಾಲಯವನ್ನೂ ತೆರೆದ. ಗುಡ್ಡದ ಕೆಳಗೆ ಓರೆಕೋರೆ ಹಲ್ಲುಗಳನ್ನು ದಿನವಿಡೀ ಕಡಿಯುತ್ತಿದ್ದ ಕೈಗಳಿಗೆ ಸ್ವಾತಂತ್ರ್ಯ ಎಷ್ಟರಮಟ್ಟಿಗೆ ದಕ್ಕಿತ್ತು? ರಸ್ಕಿನ್ನನ ಮಾತನ್ನು ನಾವು ತಳ್ಳಿಹಾಕುವುದಿಲ್ಲ, ಆದರೆ ಸೀಸದ ಹಾಸಿನ ಪಕ್ಕದಲ್ಲಿಟ್ಟು ಓದಬೇಕು ಎನ್ನುತ್ತೇವೆ.

ವಿಚಿತ್ರವೆಂದರೆ ಮುಳ್ಳರದಲ್ಲಿ ಓರೆಕೋರೆ ಬರೀ ಅಲಂಕಾರವಲ್ಲ, ಅದೇ ಅದರ ಗುಣ. ಹಲ್ಲುಗಳು ಸಮಾನ ಅಂತರದಲ್ಲಿ, ಒಂದರ ಹಿಂದೊಂದು ನೇರವಾಗಿ ನಿಂತರೆ, ಹಿಂದಿನ ಹಲ್ಲು ಮುಂದಿನದು ಕೊರೆದ ಗೀರಿನಲ್ಲೇ ಸಾಗುತ್ತದೆ. ಮರದ ಮೇಲೆ ಆಳವಾದ ಗೆರೆಗಳು ಬೀಳುತ್ತವೆ, ಉಪಕರಣ ಕೈಯಲ್ಲಿ ಗಡಗಡ ನಡುಗುತ್ತದೆ. ಕೈಯಿಂದ ಎಬ್ಬಿಸಿದ ಹಲ್ಲುಗಳಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಒಂದು ಬಿಟ್ಟ ಜಾಗವನ್ನು ಇನ್ನೊಂದು ಕಚ್ಚುತ್ತದೆ, ಮೈ ನುಣುಪಾಗುತ್ತದೆ. ಹಗ್ಗ ಹಿಡಿದು ನೆಟ್ಟ ಗದ್ದೆಯ ನಡುವೆ ಉದ್ದುದ್ದ ಓಣಿಗಳು ಕಾಣುತ್ತವೆ, ಕೈಯಳತೆಯ ನಾಟಿಯಲ್ಲಿ ಅವು ಮುಚ್ಚಿಹೋಗುತ್ತವೆಯಲ್ಲ, ಹಾಗೆ.

ಅರ ಕಡಿಯುವ ಯಂತ್ರದ ಕನಸು ಹಳೆಯದು. ಲಿಯೊನಾರ್ಡೊ ಡ ವಿಂಚಿಯ ಹಾಳೆಗಳಲ್ಲಿಯೇ ಅದರ ಚಿತ್ರವಿದೆ: ತೂಕದ ಬಲದಿಂದ ಸುತ್ತಿಗೆ ತಾನೇ ಎದ್ದು ಬೀಳುತ್ತದೆ, ಉಕ್ಕಿನ ತುಂಡು ತಾನೇ ಮುಂದಕ್ಕೆ ಸರಿಯುತ್ತದೆ. ಆಮೇಲೂ ಅನೇಕರು ಯಂತ್ರಗಳನ್ನು ಮಾಡಿದರು. ಅವು ಕಡಿದ ಅರಗಳು ನೋಡಲು ಅಂದವಾಗಿದ್ದವು, ಕೆಲಸಕ್ಕೆ ಬಾರದಿದ್ದವು. ಯಂತ್ರ ಸೋತದ್ದು ತನ್ನ ಕರಾರುವಾಕ್ಕುತನದಿಂದ. ಅಮೆರಿಕದ ಪ್ರಾವಿಡೆನ್ಸಿನಲ್ಲಿ 1864ರಲ್ಲಿ ಕಂಪನಿ ತೆರೆದ ವಿಲಿಯಂ ನಿಕಲ್ಸನ್ ಈ ಗುಟ್ಟನ್ನು ಹಿಡಿದ. ಹಲ್ಲುಗಳ ನಡುವಿನ ಅಂತರ ಮೆಲ್ಲಮೆಲ್ಲನೆ ಬದಲಾಗುತ್ತ ಹೋಗುವಂತೆ ತನ್ನ ಯಂತ್ರವನ್ನು ಹೂಡಿದ. ಬೇಕೆಂದೇ ತಾಳ ತಪ್ಪುವ ಯಂತ್ರವದು. 1878ರಲ್ಲಿ ಅರ ಮತ್ತು ಮುಳ್ಳರಗಳ ಮೇಲೆ ಒಂದು ಪುಸ್ತಕವನ್ನೂ ಹೊರತಂದ. ಅವನ ಕಂಪನಿಯ 49 ಮತ್ತು 50ನೆಯ ಸಂಖ್ಯೆಯ ಮುಳ್ಳರಗಳು ಮರಗೆಲಸದವರಲ್ಲಿ ಬಹುಕಾಲ ಮನೆಮಾತಾಗಿದ್ದವು. ಇತ್ತ ಶೆಫೀಲ್ಡಿನ ಅರದ ಕಸುಬಿನವರು 1866ರಲ್ಲಿ ದೀರ್ಘ ಮುಷ್ಕರ ಹೂಡಿದರು. ಕೂಲಿಯ ಬೇಡಿಕೆಯ ಬೆನ್ನಿಗೆ ಯಂತ್ರದ ಭಯವೂ ಇತ್ತು. ತಮ್ಮ ಕೈಗಳನ್ನು ಕೊಲ್ಲುತ್ತಿದ್ದ ಕೆಲಸವನ್ನೇ ಉಳಿಸಿಕೊಳ್ಳಲು ಅವರು ಹೋರಾಡಿದರೆಂದು ಇಂದು ನಮಗೆ ಅನ್ನಿಸಬಹುದು. ಬೇರೆ ಕೆಲಸವಿಲ್ಲದ ಮನೆಯಲ್ಲಿ ಕುಳಿತು ನೋಡಿದರೆ ಅದರಲ್ಲಿ ವಿಪರೀತವೇನೂ ಇಲ್ಲ.

ಕೈಯ ಕಸುಬು ಪೂರ್ತಿ ಅಳಿಯಲಿಲ್ಲ. ಫ್ರಾನ್ಸಿನಲ್ಲಿ ಓರಿಯು, ಲಿಯೋಜಿಯೆ ಎಂಬ ಎರಡು ಹೆಸರುಗಳು ಇಂದಿಗೂ ಒಂದೊಂದೇ ಹಲ್ಲನ್ನು ಕೈಯಿಂದ ಎಬ್ಬಿಸಿ ಮುಳ್ಳರ ಮಾಡುತ್ತವೆ. ಪಿಟೀಲು ಮಾಡುವವರು, ಕೆತ್ತನೆಯವರು, ಕುರ್ಚಿ ಮಾಡುವವರು ಅವನ್ನು ತರಿಸಿಕೊಳ್ಳುತ್ತಾರೆ. ಹಲ್ಲಿನ ದಪ್ಪಕ್ಕೆ ಅಲ್ಲಿ 1ರಿಂದ 15ರವರೆಗೆ ಅಂಕೆ. ಅಂಕೆ ಏರಿದಂತೆ ಹಲ್ಲು ನಯ. ಎಡಗೈಯವರಿಗೆ ಬೇರೆಯಾಗಿ ಕಡಿದುಕೊಡುವುದೂ ಉಂಟು.

ಕಾವು ಮಾಡಲು ಹೊರಟವರು ಏನನ್ನು ಕೊಳ್ಳಬೇಕು? ಒಂದು ಕಾವಿಗಾಗಿ ಅನೇಕ ಸಾವಿರ ರೂಪಾಯಿಯ ಫ್ರೆಂಚ್ ಮುಳ್ಳರವನ್ನು ತರಿಸುವುದು ನಮ್ಮ ಮತದಲ್ಲಿ ಅತಿಯಾಯಿತು. ಮುಂಬಯಿಯ ನಾಗದೇವಿ ಬೀದಿ, ದೆಹಲಿಯ ಚಾವಡಿ ಬಜಾರ್, ಸಿಕಂದರಾಬಾದಿನ ರಾಣಿಗಂಜ್, ಇಂಥ ಕಡೆ ಒಂದು ಮಧ್ಯಾಹ್ನ ಕಳೆದರೆ ಸಾಕು. ಕೊಂಕಣದ ರತ್ನಗಿರಿ, ಚಿಪ್ಳೂಣಗಳಲ್ಲಿ ಕಾರ್ಖಾನೆಗಳನ್ನು ನಡೆಸಿಕೊಂಡು ಬಂದ ಜೆ.ಕೆ. ಫೈಲ್ಸ್ ಜಗತ್ತಿನ ದೊಡ್ಡ ಅರ ತಯಾರಕರಲ್ಲೊಂದು. ಅರದ ವಿಷಯದಲ್ಲಿ ನಾವು ಪರದೇಶದ ದಾರಿ ಕಾಯಬೇಕಾಗಿಲ್ಲ. ಒಂದು ಮುಖ ಚಪ್ಪಟೆ, ಇನ್ನೊಂದು ಅರೆದುಂಡಾಗಿರುವುದನ್ನೇ ಕೇಳಿ. ಕಾವಿನ ಉಬ್ಬಿಗೆ ಮೊದಲನೆಯದು, ತಗ್ಗಿಗೆ ಎರಡನೆಯದು. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಹಲ್ಲುಗಳು ಸೈನಿಕರಂತೆ ಸಾಲುಗಟ್ಟಿ ನಿಂತಿದ್ದರೆ ಕೆಳಗಿಡಿ. ಹಲ್ಲು ಅಂಚಿನವರೆಗೂ ತುದಿಯವರೆಗೂ ಬಂದಿದೆಯೇ, ಮೊನೆಗಳು ಹೊಳೆಯುತ್ತಿಲ್ಲವಷ್ಟೆ ಎಂದು ಪರೀಕ್ಷಿಸಿ. ಹೊಳೆಯುವ ಮೊನೆ ಸವೆದ ಮೊನೆ. ಅಂಗೈಯನ್ನು ಮೆಲ್ಲಗೆ ಒತ್ತಿದರೆ ಚರ್ಮ ಹಿಡಿದುಕೊಂಡಂತಾಗಬೇಕು. ಮೊದಲ ಒರಟು ಕೆಲಸಕ್ಕೆ ಕುದುರೆಯ ಲಾಳ ಕಟ್ಟುವವರು ಬಳಸಿ ಬಿಟ್ಟ ದೊಡ್ಡ ಮುಳ್ಳರ ಸಿಕ್ಕರೆ ಬಿಡಬೇಡಿ. ಗೊರಸಿಗೆ ಮೊಂಡಾದದ್ದು ಮರಕ್ಕೆ ಇನ್ನೂ ಎಷ್ಟೋ ಕಾಲ ಬಾಳುತ್ತದೆ.

ಬಳಸುವಾಗ ಮುಂದಕ್ಕೆ ಮಾತ್ರ ಒತ್ತಬೇಕು, ಹಿಂದಕ್ಕೆ ತರುವಾಗ ಮರದಿಂದ ಎತ್ತಬೇಕು. ಇತರ ಉಪಕರಣಗಳ ಜೊತೆ ಒಂದೇ ಡಬ್ಬಿಯಲ್ಲಿ ತುಂಬಿದರೆ ಹಲ್ಲುಗಳು ಒಂದನ್ನೊಂದು ಮುರಿದುಕೊಳ್ಳುತ್ತವೆ, ಬಟ್ಟೆಯಲ್ಲಿ ಸುತ್ತಿಡಿ. ಮತ್ತೊಂದು ಮಾತು. ಅಂಗಡಿಯಲ್ಲಿ ಸಿಗುವ ಮುಳ್ಳರಗಳಲ್ಲಿ ಹೆಚ್ಚಿನವಕ್ಕೆ ಹಿಡಿಯೇ ಇರುವುದಿಲ್ಲ, ಚೂಪಾದ ಬಾಲ ಮಾತ್ರ ಇರುತ್ತದೆ. ಹಾಗೆಯೇ ಹಿಡಿದು ಒತ್ತಿದರೆ ಆ ಬಾಲ ಅಂಗೈಗೆ ನೆಡುತ್ತದೆ. ಆದ್ದರಿಂದ ಕೊಡಲಿಯ ಕಾವಿಗೆ ಮುನ್ನ ಗೇಣುದ್ದಕ್ಕಿಂತ ಕಿರಿದಾದ ಜಾಲಿಯ ತುಂಡೊಂದನ್ನು ಆರಿಸಿ, ಬಾಲಕ್ಕಿಂತ ಎಳೆಯಷ್ಟು ಕಿರಿದಾದ ತೂತು ಕೊರೆದು, ಮುಳ್ಳರದ ಬಾಲಕ್ಕೆ ಬಟ್ಟೆ ಸುತ್ತಿ ಹಿಡಿದುಕೊಂಡು, ಅದರಿಂದಲೇ ಅದರ ಹಿಡಿಯನ್ನು ತಿದ್ದಿಕೊಳ್ಳಬೇಕು.