ಗೆರಟೆಯಲ್ಲಿ ಕೂತ ತುಪ್ಪ

ನಮ್ಮ ಸಿದ್ದಾಪುರ ಸೀಮೆಯಲ್ಲಿ ಹಸುವಿನ ಹಂಗಿಲ್ಲದ ತುಪ್ಪವೊಂದಿದೆ, ಮುರುಗಲ ತುಪ್ಪ. ತೆಂಗಿನದು ಎಣ್ಣೆಯಾದರೆ ಇದು ಹೇಗೆ ತುಪ್ಪ ಎಂದು ಅಮ್ಮನನ್ನು ಕೇಳಿದ್ದೆ. "ಎಣ್ಣೆ ಹರ್ದು ಹೋಗ್ತು ತಮಾ, ಇದು ಗಟ್ಟಿ ಆಗ್ತು" ಎಂದಿದ್ದಳು. ಸರಿಯಾದ ಮಾತೇ. ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗುವವರೆಗೆ ಅದು ಜಗ್ಗುವುದಿಲ್ಲ.

ಏಪ್ರಿಲ್-ಮೇ ತಿಂಗಳಲ್ಲಿ ಮುರುಗಲ ಹಣ್ಣಿನ ಸಿಪ್ಪೆ ಹುಳಿಗೆಂದು ಒಣಗುತ್ತಿತ್ತು. ಉಳಿದ ಬೀಜ ಅಮ್ಮನ ಪಾಲು. ಬೂದಿ ಹಾಕಿ ತಿಕ್ಕಿ, ಮಳೆ ಹಿಡಿಯುವ ಮೊದಲೇ ಒಣಗಿಸಿಡುವಳು. ಬಿಡುವಾದಾಗ ಒರಳಿನಲ್ಲಿ ಕುಟ್ಟಿ, ಹೊಟ್ಟು ಕೇರಿ, ಪುಡಿಯನ್ನು ನೀರಿನಲ್ಲಿ ಕುದಿಸಿ ರಾತ್ರಿಯಿಡೀ ಬಿಡುವಳು. ಬೆಳಿಗ್ಗೆ ಮೇಲೆ ಬೂದು ಬಣ್ಣದ ಕೆನೆ. ಅದನ್ನು ತೆಗೆದು, ಮತ್ತೆ ಕಾಯಿಸಿ, ಬಟ್ಟೆಯಲ್ಲಿ ಸೋಸಿ ಗೆರಟೆಗೆ ಹೊಯ್ದರೆ ಸಂಜೆಗೆ ಅರ್ಧಗೋಲದ ಉಂಡೆ. ಇಷ್ಟು ರಗಳೆಗೆ ಬರುವುದು ಬೀಜದ ತೂಕದ ಕಾಲು ಭಾಗಕ್ಕಿಂತ ಹೆಚ್ಚೇನಲ್ಲ.

ಗೋವೆಯಲ್ಲಿ 1563ರಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತಾನ ಪುಸ್ತಕದಲ್ಲಿ ಈ ಹಣ್ಣು 'ಬ್ರಿಂಡೋಯಿಸ್' ಎಂಬ ಹೆಸರಿನಲ್ಲಿ ಬರುತ್ತದೆ. ಕೊಂಕಣಿಗರು ಇದಕ್ಕೆ ಹೇಳುವ 'ಭಿರಂಡ' ಆ ಹೆಸರಿನೊಳಗೆ ಇಣುಕುತ್ತದೆ. ತುಪ್ಪಕ್ಕೆ ಸರ್ಕಾರಿ ಮರ್ಯಾದೆ ಸಿಕ್ಕಿದ್ದು ಮುನ್ನೂರು ವರ್ಷಗಳ ಮೇಲೆ, ಎಡ್ವರ್ಡ್ ವಾರಿಂಗ್ ಸಂಪಾದಿಸಿದ 1868ರ 'ಫಾರ್ಮಕೋಪಿಯಾ ಆಫ್ ಇಂಡಿಯಾ'ದಲ್ಲಿ. ಮುಲಾಮಿಗೆ ಬಳಸುತ್ತಿದ್ದ ಪ್ರಾಣಿಗಳ ಕೊಬ್ಬು ನಮ್ಮ ಸೆಕೆಗೆ ಬೇಗ ಕಮಟುತ್ತದೆ. ಮುರುಗಲ ತುಪ್ಪ ವರ್ಷ ಕಳೆದರೂ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. 1874ರಲ್ಲಿ ಫ್ಲೂಕಿಗರ್ ಮತ್ತು ಹ್ಯಾನ್‌ಬರಿ ತಮ್ಮ 'ಫಾರ್ಮಕೋಗ್ರಾಫಿಯಾ'ದಲ್ಲೂ ಇದಕ್ಕೊಂದು ಜಾಗ ಕೊಟ್ಟರು.

ಇದು ಗಾಯ ಮಾಯಿಸುತ್ತದೆಯೇ? ನನ್ನನ್ನು ಕೇಳಿದರೆ ಇದು ಮದ್ದಿಗಿಂತ ಹೆಚ್ಚಾಗಿ ಕಂಬಳಿಕೊಪ್ಪೆ. ಒಡೆದ ಚರ್ಮದ ಪಸೆ ಆರದಂತೆ, ಹೊರಗಿನ ನೀರು ಒಳಗಿಳಿಯದಂತೆ ಮೇಲೆ ಕೂತಿರುತ್ತದೆ, ಅಷ್ಟೇ. ಕೀವಾದ ಹುಣ್ಣಿಗೆ ಅಮ್ಮ ಇದನ್ನು ಮುಟ್ಟಿಸುತ್ತಿರಲಿಲ್ಲ. ಒಡೆದ ಹಿಮ್ಮಡಿಗೆ, ಬಿರಿದ ತುಟಿಗೆ, ಮಗುವಿನ ಉರಿಗೆಂಪು ತೊಡೆಸಂದಿಗೆ ಮಾತ್ರ.

ಅತಿ ಹೆಚ್ಚು ಬೇಕಾಗುತ್ತಿದ್ದುದು ಅಡಿಕೆಯ ಕೊನೆಕೊಯ್ಲಿನ ಹೊತ್ತಿಗೆ. ಚಳಿಗಾಲ, ಮೇಲಿಂದ ಅಡಿಕೆ ಮರಕ್ಕೆ ಉಜ್ಜಿ ಉಜ್ಜಿ, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನ ಪಾದ ತೊಗಟೆಯಂತಾಗಿರುತ್ತಿತ್ತು. ಸಂಜೆ ಬಚ್ಚಲ ಒಲೆಯ ಮುಂದೆ ಕೂತು, ಕಾದ ಚಾಕುವಿನ ತುದಿಯಿಂದ ಉಂಡೆ ಕರಗಿಸಿ ಬಿರುಕಿಗೆ ತುಂಬಿಕೊಳ್ಳುವನು. ಒಮ್ಮೆ ಅಮ್ಮ ಇಡೀ ಉಂಡೆಯನ್ನೇ ಕೊಟ್ಟಳು. ಅವನು ಅದನ್ನು ಬಾಳೆಎಲೆಯಲ್ಲಿ ಸುತ್ತಿ ಕವಳದ ಸಂಚಿಗೆ ಹಾಕಿಕೊಂಡ. "ಮನೇಲಿ ಅವಳ ಕಾಲು ನಂದಕ್ಕಿಂತ ಕಡೆ, ಅಮ್ಮಾ" ಎಂದ.